ಬೆಳ್ಳಿ ಕ್ವಾರ್ಟರ್‌ನಲ್ಲಿ ಊಟದ ಬಿಲ್ಲು

ಅಮೆರಿಕದಲ್ಲಿ 1964ರವರೆಗಿನ 20ನೇ ಶತಮಾನದ ಡೈಮ್, ಕ್ವಾರ್ಟರ್, ಅರ್ಧ ಡಾಲರ್ ನಾಣ್ಯಗಳಲ್ಲಿ ಶೇ. 90ರಷ್ಟು ಬೆಳ್ಳಿಯಿದೆ. ಬೆಳ್ಳಿಯ ಬೇಡಿಕೆ ಏರಿದ್ದರಿಂದ 1965ರ ಕಾಯ್ದೆ ಡೈಮ್, ಕ್ವಾರ್ಟರ್‌ಗಳಿಂದ ಅದನ್ನು ಪೂರ್ತಿ ತೆಗೆಯಿತು. ಜನ ಹಳೆಯವನ್ನು ಕೂಡಿಟ್ಟು ಹೊಸದನ್ನಷ್ಟೇ ಖರ್ಚು ಮಾಡತೊಡಗಿದರು.

ಕಾನೂನಿನ ಲೆಕ್ಕದಲ್ಲಿ ಹಳೆಯ ಕ್ವಾರ್ಟರ್‌ಗೆ ಇಂದಿಗೂ 25 ಸೆಂಟ್ ಮಾತ್ರ. ಆದರೆ 6.25 ಗ್ರಾಂ ತೂಗುವ ಅದರಲ್ಲಿ ಸುಮಾರು 5.6 ಗ್ರಾಂ ಬೆಳ್ಳಿಯಿದೆ. ಔನ್ಸ್ ಬೆಳ್ಳಿಗೆ 25 ಡಾಲರ್ ಎಂದಿಟ್ಟುಕೊಂಡರೂ ಒಂದು ನಾಣ್ಯದ ಲೋಹಕ್ಕೇ ನಾಲ್ಕೂವರೆ ಡಾಲರ್ ಆಗುತ್ತದೆ. 20 ಡಾಲರಿನ ಊಟಕ್ಕೆ ಮುಖಬೆಲೆಯಂತೆ 80 ಕ್ವಾರ್ಟರ್ ಎಣಿಸಿ ಕೊಟ್ಟವರು ಸುಮಾರು 360 ಡಾಲರಿನ ಬೆಳ್ಳಿಯನ್ನು ಕೈಬಿಟ್ಟಂತೆ. ಇದು ಶುದ್ಧ ನಷ್ಟ.

ಹಾಗಾಗಿ ಇಂಥ ಪಾವತಿಗೆ ಅರ್ಥ ಬರುವುದು ಹೋಟೆಲಿನವರು ಆ ದಿನದ ಬೆಳ್ಳಿ ದರಕ್ಕೆ ಒಪ್ಪಿದಾಗ ಮಾತ್ರ. ಆಗ ಐದು ನಾಣ್ಯ ಸಾಕು, ಚಿಲ್ಲರೆಯೂ ವಾಪಸು ಬರುತ್ತದೆ. ಗುರುತಿಸುವುದು ಸುಲಭ: ಇಸವಿ ನೋಡಬೇಕು, ಅಂಚು ನೋಡಬೇಕು. ಬೆಳ್ಳಿಯದ್ದು ಇಡೀ ಬಿಳಿ; 1965ರ ನಂತರದ ಕ್ವಾರ್ಟರ್‌ನ ಅಂಚಿನಲ್ಲಿ ತಾಮ್ರದ ಗೆರೆ ಕಾಣುತ್ತದೆ. ಸವೆದ ನಾಣ್ಯದ ತೂಕ ತುಸು ಕಡಿಮೆ. ಡೆನ್ವರ್ ಅಥವಾ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 1932ರ ಕ್ವಾರ್ಟರ್ ಸಿಕ್ಕರೆ ಮಾತ್ರ ಬೆಳ್ಳಿ ದರಕ್ಕೂ ಕೊಡಬಾರದು; ಸಂಗ್ರಾಹಕರು ಅದಕ್ಕೆ ಇನ್ನೂ ಹೆಚ್ಚು ಕೊಡುತ್ತಾರೆ.