ಚುಕ್ಕೆ ಎಣಿಸಿದರೆ ಸಾಲದು

ಕರಿಬೇವಿನ ಗಿಡಕ್ಕೆ ಎಳೆಬಿಸಿಲು ತಾಗುವ ಹೊತ್ತಿಗೆ ಅದು ಬರುತ್ತದೆ. ಅರಿಶಿನ ಮಿಂದಂಥ ಮೈ, ಹೊಟ್ಟೆಯ ಮೇಲೆ ಕಾಡಿಗೆಯಲ್ಲಿ ಇಟ್ಟಂತೆ ಜೋಡಿ ಜೋಡಿ ಕಪ್ಪು ಚುಕ್ಕೆ. ಉದ್ದನೆಯ ಮೀಸೆ ಆಡಿಸುತ್ತ ಎಲೆಯಿಂದೆಲೆಗೆ ಹಾರಿ ಏನನ್ನೋ ಅರಸುತ್ತದೆ. ಅರಸುವುದು ಎಲೆಮರೆಯ ಪತಂಗದ ಕೋಶವನ್ನು. ಸಿಕ್ಕಿತೋ, ಅದರೊಳಗೊಂದು ಮೊಟ್ಟೆ. ಪತಂಗ ಹೊರಬರಬೇಕಾದ ಕೋಶದಿಂದ ಕೆಲದಿನಗಳಲ್ಲಿ ಕಣಜ ಹೊರಬರುತ್ತದೆ. ಈ ಪರಾವಲಂಬಿ ಕಣಜಗಳ ಕುಲದ ಹೆಸರು ಕ್ಸಾಂಥೋಪಿಂಪ್ಲ.

ಕುಲವನ್ನು ಗುರುತಿಸುವುದು ಸುಲಭ. ಪ್ರಭೇದ ಯಾವುದೆಂದು ಕೇಳಿದಾಗ ಕಷ್ಟ ಶುರು. ನಾನೂ ಮೊದಲು ಚುಕ್ಕೆಗಳನ್ನೇ ನಂಬಿದ್ದೆ. ಒಂದರ ಬೆನ್ನ ಚುಕ್ಕೆಗಳು ಬಿಡಿಬಿಡಿ, ಇನ್ನೊಂದರವು ಕೂಡಿಕೊಂಡು ಪಟ್ಟಿ; ಹಾಗಾದರೆ ಎರಡೂ ಬೇರೆ ಎಂದುಕೊಂಡಿದ್ದೆ. ಆದರೆ ಒಂದೇ ಪ್ರಭೇದದಲ್ಲೂ ಚುಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ, ಕೆಲವೊಮ್ಮೆ ಅಳಿಸಿಯೇ ಹೋಗಿರುತ್ತದೆ. ಒಂದೇ ಮನೆಯ ಅಕ್ಕತಂಗಿಯರು ಬೇರೆ ಬೇರೆ ಸೀರೆ ಉಡುವುದಿಲ್ಲವೆ? ನಂಟೇ ಇಲ್ಲದ ಇಬ್ಬರು ಒಂದೇ ಬಣ್ಣದ ಸೀರೆಯಲ್ಲಿ ಮದುವೆಮನೆಗೆ ಬರುವುದಿಲ್ಲವೆ? ಇದೊಂದೇ ಕುಲದ ಇಂಡೋ-ಆಸ್ಟ್ರೇಲಿಯನ್ ಪ್ರಭೇದಗಳನ್ನು ಬಿಡಿಸಿಡಲು ಟೌನ್ಸ್ ಮತ್ತು ಚಿಯು 1970ರಲ್ಲಿ ಇಡೀ ಗ್ರಂಥವನ್ನೇ ಬರೆಯಬೇಕಾಯಿತು.

ಹಾಗಾಗಿ ಬಣ್ಣ ಬಿಟ್ಟು ಮೈಕಟ್ಟು ನೋಡಬೇಕು. ಕಿಟಕಿಯ ಬಳಿ ಸತ್ತು ಬಿದ್ದ ಇಂಥ ಕಣಜವೊಂದನ್ನು ಬಿಳಿ ಹಾಳೆಯ ಮೇಲಿಟ್ಟು ಭೂತಗನ್ನಡಿ ಹಿಡಿಯಿರಿ. ಮುಂದಿನ ರೆಕ್ಕೆಯ ನರಗಳ ನಡುವೆ ಕುದುರೆಯ ತಲೆಯನ್ನು ಹೋಲುವ ಒಂದು ಅಂಕಣ ಕಾಣುತ್ತದೆ. ಕ್ಸಾಂಥೋಪಿಂಪ್ಲ ಸೇರಿರುವ ಇಕ್ನ್ಯುಮಾನಿಡ್ ಕುಟುಂಬದ ಗುರುತು ಅದು. ಹತ್ತಿರದ ನಂಟರಾದ ಬ್ರಾಕೊನಿಡ್‌ಗಳಲ್ಲಿ ಹೆಚ್ಚಾಗಿ ಆ ಆಕಾರ ಒಡೆದಿರುತ್ತದೆ. ಮೊದಲ ಸಲ ಆ ಕುದುರೆಯನ್ನು ಕಂಡ ದಿನದ ಹಿಗ್ಗು ನನ್ನಲ್ಲಿ ಇನ್ನೂ ಆರಿಲ್ಲ.

ಇನ್ನು ಟ್ರೈಕೋಗ್ರಾಮ ಎಂಬ ಇನ್ನೊಂದು ಪರಾವಲಂಬಿ ಕಣಜ. ಉದ್ದ ಸುಮಾರು ಅರ್ಧ ಮಿಲಿಮೀಟರ್. ಪತಂಗದ ಮೊಟ್ಟೆಯೊಳಗೇ ಹುಟ್ಟಿ ಬೆಳೆಯುವ ಜೀವ. ಕಬ್ಬಿನ ಕೊರಕ ಹುಳುವಿನ ಹತೋಟಿಗೆ ರೈತರು ಗರಿಗೆ ಕಟ್ಟುವ ಕಾರ್ಡಿನಲ್ಲಿ ಇರುವುದು ಇದೇ. ಇದರ ಬಣ್ಣವಂತೂ ಬೆಳೆದ ಹವೆಯನ್ನು ಹೇಳುತ್ತದೆ: ತಂಪಿನಲ್ಲಿ ಬೆಳೆದರೆ ಕಪ್ಪು ಹೆಚ್ಚು, ಸೆಕೆಯಲ್ಲಿ ಬೆಳೆದರೆ ಹಳದಿ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ 1971ರಲ್ಲಿ, ಗಂಡಿನ ಜನನಾಂಗದ ರಚನೆಯೇ ಇವುಗಳ ನಂಬತಕ್ಕ ಗುರುತು ಎಂದು ತೋರಿಸಿಕೊಟ್ಟರು. ಜಗತ್ತಿನ ಕೀಟತಜ್ಞರು ಇಂದಿಗೂ ಆ ದಾರಿಯಲ್ಲೇ ನಡೆಯುತ್ತಾರೆ. ಕಣ್ಣಿಗೆ ಕಾಣುವುದೇ ಕಷ್ಟವಾದ ಸಣ್ಣ ಜೀವದ ನಿಜವಾದ ಹೆಸರಿಗಾಗಿ ಆ ಇಬ್ಬರು ಪಟ್ಟ ಶ್ರಮವನ್ನು ನೆನೆದಾಗ ನನಗೆ ಗೌರವ ಉಕ್ಕುತ್ತದೆ.

ಹೆಸರು ತಪ್ಪಿದರೆ ಹೊಲಕ್ಕೆ ತಪ್ಪು ಕಣಜ ಹೋಗುತ್ತದೆ. ಒಂದು ಪ್ರಭೇದಕ್ಕೆ ಒಗ್ಗಿದ ಹುಳು ಇನ್ನೊಂದಕ್ಕೆ ಒಗ್ಗದಿರಬಹುದು, ನಷ್ಟ ರೈತನಿಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹಳದಿಗೂ ಸಲ್ಲುತ್ತದೆ.

ನಿಮ್ಮ ಕರಿಬೇವಿಗೂ ಅದು ಬಂದೀತು. ಕಚ್ಚುವ ಹುಳುವೆಂದು ಹೊಡೆಯಬೇಡಿ. ಹೆಸರು ತಿಳಿಯದಿದ್ದರೂ ಸರಿ, ನಿಂತು ನೋಡಿ. ಅದು ನಿಮ್ಮ ಗಿಡವನ್ನೇ ಕಾಯುತ್ತಿದೆ.