ಸಕ್ಕರೆ ಕಾಯಿಲೆಯ ಮದ್ದೂ ಇಲಿಯ ಮಿದುಳೂ

ಒಂದು ಕಾಯಿಲೆಯ ಮದ್ದು ಇನ್ನೊಂದಕ್ಕೆ ಒದಗುವುದು ನಮ್ಮ ಹೆಬ್ಬೆಯ ಕಡೆಯವರಿಗೆ ಹೊಸ ಮಾತಲ್ಲ. ಕೆಮ್ಮಿಗೆ ಕುದಿಸಿದ ಕಾಳುಮೆಣಸಿನ ಕಷಾಯವನ್ನೇ ಅಜೀರ್ಣಕ್ಕೂ ಕುಡಿಸುವವರು ನಾವು. ಆದರೂ ಸಕ್ಕರೆ ಕಾಯಿಲೆಯವರು ನುಂಗುವ ಗುಳಿಗೆಯೊಂದು ಪಾರ್ಶ್ವವಾಯುವಿಗೆ ಮದ್ದಾದೀತೇ ಎಂದು ವಿಜ್ಞಾನಿಗಳು ವರ್ಷಗಟ್ಟಲೆ ಇಲಿಗಳ ಮೇಲೆ ಪರೀಕ್ಷಿಸಿದರೆಂದು ಓದಿ ನನಗೆ ಬೆರಗಾಯಿತು. ನಾನು ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿ. ಈ ವಿಷಯಕ್ಕೆ ಕೈಹಾಕಲು ನಮ್ಮ ಮನೆಯೇ ಕಾರಣ. ದೊಡ್ಡಪ್ಪನವರು ನುಂಗುತ್ತಿದ್ದುದು ಅದೇ ಗುಳಿಗೆ, ಅವರಿಗೆ ಬಡಿದದ್ದೂ ಅದೇ ವಾಯು.

ಗುಳಿಗೆಯ ಹೆಸರು ಗ್ಲಿಬೆನ್‌ಕ್ಲಮೈಡ್. ಮೇದೋಜೀರಕ ಗ್ರಂಥಿಯ ಜೀವಕೋಶಗಳಲ್ಲಿ ಸಣ್ಣ ಬಾಗಿಲುಗಳಂಥವು ಇವೆಯಂತೆ. ಈ ಮದ್ದು ಅವುಗಳನ್ನು ಮುಚ್ಚಿದರೆ ಇನ್ಸುಲಿನ್ ಹೊರಬರುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡಾ. ಮಾರ್ಕ್ ಸಿಮಾರ್ಡರೂ ಅವರ ಸಂಗಡಿಗರೂ ಕಂಡದ್ದು ಇನ್ನೊಂದು ಬಗೆಯ ಬಾಗಿಲು. ಅದು ಆರೋಗ್ಯವಾದ ಮಿದುಳಿನಲ್ಲಿ ಕಾಣುವುದಿಲ್ಲ. ರಕ್ತ ನಿಂತು ಕೋಶವು ಬಸವಳಿದಾಗ ಮಾತ್ರ ಹೊಸದಾಗಿ ಹುಟ್ಟಿ, ತೆರೆದುಕೊಳ್ಳುತ್ತದೆ. ಉಪ್ಪಿನಂಶ ಒಳನುಗ್ಗುತ್ತದೆ, ಅದರ ಬೆನ್ನಿಗೆ ನೀರು. ಮಿದುಳು ಊದುತ್ತದೆ. ಸುತ್ತ ಇರುವುದು ತಲೆಬುರುಡೆ. ಊದಿದ್ದು ಹೋಗುವುದಾದರೂ ಎಲ್ಲಿಗೆ? ತನ್ನನ್ನೇ ತಾನು ಹಿಸುಕಿಕೊಳ್ಳುತ್ತದೆ. ಈ ಬಾಗಿಲಿಗೂ ಗ್ರಂಥಿಯ ಬಾಗಿಲಿಗೂ ಒಂದು ಭಾಗ ಸಮಾನವಾದುದರಿಂದ ಅದೇ ಮದ್ದು ಇಲ್ಲಿಯೂ ನಾಟಬೇಕೆಂಬುದು ಅವರ ಎಣಿಕೆ.

ಇಲಿಯ ಮಿದುಳಿನ ಮುಖ್ಯ ರಕ್ತನಾಳವೊಂದನ್ನು ಕಟ್ಟಿ ಪಾರ್ಶ್ವವಾಯುವನ್ನು ಬರಿಸಿದರು. ಕೆಲವಕ್ಕೆ ಅಲ್ಪ ಪ್ರಮಾಣದಲ್ಲಿ ಮದ್ದು, ಕೆಲವಕ್ಕೆ ಬರಿಯ ದ್ರಾವಣ. 2006ರಲ್ಲಿ ಫಲಿತಾಂಶ ಪ್ರಕಟವಾಯಿತು: ಮದ್ದು ಪಡೆದವುಗಳಲ್ಲಿ ಸಾವೂ ಊತವೂ ಸುಮಾರು ಅರ್ಧಕ್ಕೆ ಇಳಿದಿದ್ದವು. ಹತ್ತು ಗಂಟೆ ತಡವಾಗಿ ಕೊಟ್ಟರೂ ಇಲಿಗಳಿಗೆ ಗುಣವುಂಟೆಂದು 2012ರಲ್ಲಿ ತೋರಿಸಿದರು.

ಹಾಗಾದರೆ ದಿನವೂ ಗುಳಿಗೆ ನುಂಗುತ್ತಿದ್ದ ದೊಡ್ಡಪ್ಪನಿಗೆ ವಾಯು ಏಕೆ ಬಡಿಯಿತು ಎಂದು ನಮ್ಮವ್ವ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಈ ಮದ್ದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದಿಲ್ಲ; ಅನಂತರದ ಊತವನ್ನು ತಗ್ಗಿಸೀತೆಂಬುದಷ್ಟೇ ಆಸೆ. ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಕೊಟ್ಟದ್ದೂ ಗುಳಿಗೆಯಲ್ಲ, ನರಕ್ಕೆ ಹನಿಸುವ ಔಷಧಿ. ವಾಯು ಬಡಿದವರಿಗೆ ಮನೆಯಲ್ಲಿ ಎರಡು ಗುಳಿಗೆ ಹೆಚ್ಚಿಗೆ ನುಂಗಿಸಿದರೆ ಸಕ್ಕರೆ ತಟ್ಟನೆ ಇಳಿದು ಜೀವಕ್ಕೇ ಸಂಚಕಾರ. ಇದನ್ನು ಬರೆಯದೆ ಮುಂದೆ ಹೋಗಲಾರೆ.

ದೊಡ್ಡ ಪ್ರಮಾಣದ ಪಾರ್ಶ್ವವಾಯುವಾದ ಐನೂರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2024ರಲ್ಲಿ ಹೊರಬಿತ್ತು. ಅಲ್ಲಿಯೂ ಹತ್ತು ಗಂಟೆಯೊಳಗೆ ಮದ್ದು ಆರಂಭಿಸುವ ನಿಯಮ. ಪರೀಕ್ಷೆಯನ್ನು ಕಂಪನಿ ಅವಧಿಗೆ ಮೊದಲೇ ನಿಲ್ಲಿಸಿತ್ತು. 90 ದಿನಗಳ ಮೇಲೆ ನೋಡಿದಾಗ ಮದ್ದು ಪಡೆದವರು ಉಳಿದವರಿಗಿಂತ ಹೆಚ್ಚು ಚೇತರಿಸಿಕೊಂಡಿದ್ದರೆನ್ನಲು ಆಧಾರ ಸಿಗಲಿಲ್ಲ.

ಇಲಿಗೆ ಫಲಿಸಿದ್ದು ಮನುಷ್ಯನಿಗೇಕೆ ಫಲಿಸಲಿಲ್ಲ? ಪಂಡಿತರು ಹಲವು ಕಾರಣ ಹೇಳಿಯಾರು. ನನಗೆ ತೋರುವುದು ಇಷ್ಟು: ಇಲಿಯ ವಾಯು ಗಡಿಯಾರ ನೋಡಿ ಬರಿಸಿದ್ದು. ದೊಡ್ಡಪ್ಪನವರು ಬೆಳಗಿನ ಜಾವ ಏಳಲು ನೋಡಿದಾಗ ಬಲಗೈ ಬಲಗಾಲು ಮಾತು ಕೇಳಲಿಲ್ಲ. ವಾಯು ಬಡಿದದ್ದು ಹನ್ನೊಂದಕ್ಕೋ ನಾಲ್ಕಕ್ಕೋ, ಯಾರು ಬಲ್ಲರು! ತೋಟದ ಜೀಪು ಸಿಕ್ಕುವಷ್ಟರಲ್ಲಿ ಬಿಸಿಲೇರಿತ್ತು. ಘಟ್ಟದ ತಿರುವುಗಳನ್ನು ಇಳಿದು, ಲಿಂಗದಹಳ್ಳಿ, ತರೀಕೆರೆ ದಾಟಿ ಶಿವಮೊಗ್ಗ ಸೇರಿದಾಗ ವೈದ್ಯರು ಕೇಳಿದ ಮೊದಲ ಮಾತು, "ಎಷ್ಟು ಗಂಟೆಗೆ ಆಯ್ತು?" ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದೆ. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಓದಿದ್ದನ್ನೆಲ್ಲ ದೀಪಾವಳಿ ರಜದಲ್ಲಿ ದೊಡ್ಡಪ್ಪನಿಗೆ ಹೇಳಿದೆ. ಮಾತು ತೊದಲಿದರೂ ಅವರ ಬುದ್ಧಿ ಚುರುಕಾಗಿಯೇ ಇದೆ.

"ಬದುಕಿಕೊಂಡ್ವಲ್ಲ, ಆ ಇಲಿಗಳನ್ನ ಏನ್ ಮಾಡಿದ್ರೋ?"

ಇಂಥ ಪರೀಕ್ಷೆಗಳಲ್ಲಿ ಅವುಗಳನ್ನೂ ಕೊಂದು, ಮಿದುಳನ್ನು ಹೋಳು ಮಾಡಿ, ಕೆಟ್ಟ ಭಾಗವೆಷ್ಟೆಂದು ಅಳೆಯುತ್ತಾರೆ ಎಂದೆ. ಮೂವತ್ತು ವರ್ಷ ತೋಟದಲ್ಲಿ ಇಲಿಗಳಿಗೆ ಬೋನು ಒಡ್ಡಿದವರು ಅವರು. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.