ಹೊನ್ನಾವರದ ಅಳಿವೆ

ಗ್ರಂಥಗಳಲ್ಲಿ ಕಂಡ ಊರನ್ನು ಕಣ್ಣಾರೆ ನೋಡಬೇಕೆಂಬ ಚಪಲವು ಓದುವವರಿಗೆ ಸಹಜವಾದುದು. ಆ ಚಪಲವೇ ಕಳೆದ ಡಿಸೆಂಬರ್ ರಜೆಯಲ್ಲಿ ನನ್ನನ್ನು ನಾಲ್ಕು ದಿನಗಳ ವಿರಾಮಕ್ಕೆಂದು ಹೊನ್ನಾವರಕ್ಕೆ ಕರೆದೊಯ್ದಿತು. ಶರಾವತಿಯು ಕಡಲನ್ನು ಸೇರುವ ಈ ರೇವುಪಟ್ಟಣದ ಕೀರ್ತಿಯು ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ಹುಡುಗಿಯರಿಗೆ ೧೩, ಹುಡುಗರಿಗೆ ೨೩ ಪಾಠಶಾಲೆಗಳಿದ್ದುವೆಂದು ಬರೆದಿಟ್ಟಿರುವನು. ೧೫೧೦ರಲ್ಲಿ ಪೋರ್ಚುಗೀಸರ ಆಲ್ಬುಕರ್ಕನು ಗೋವೆಯ ಮೇಲೆ ದಂಡೆತ್ತಿ ಹೋದಾಗ ಅವನಿಗೆ ನೆರವಾದ ತಿಮ್ಮೋಜಿಯ ನಾವೆಗಳಿಗೂ ಇದೇ ನೆಲೆಯಾಗಿದ್ದಿತು. ಗೇರುಸೊಪ್ಪೆಯ ಕಡೆಯ ಕರಿಮೆಣಸು ಈ ಹೊಳೆಯಲ್ಲಿಯೇ ಇಳಿದು ಪರದೇಶಗಳಿಗೆ ಸಾಗುತ್ತಿದ್ದಿತು.

ಇಂತಹ ರೇವನ್ನು ಹಾಯಿದೋಣಿಯಲ್ಲಿಯೇ ಸುತ್ತಬೇಕೆಂದು ನನ್ನ ಹಟ. ಈಗ ಅಲ್ಲಿ ಯಂತ್ರದ ದೋಣಿಗಳದೇ ಓಡಾಟ. ಆದರೂ ಹಾಯಿ ಬಿಚ್ಚಬಲ್ಲ ಮುದಿ ತಂಡೇಲನೊಬ್ಬನು ದೊರೆತನು. ಸುಮಾರು ಹತ್ತು ವರ್ಷದ ಅವನ ಮೊಮ್ಮಗನು ದೋಣಿಯ ನೀರು ತೋಡುತ್ತ ಜೊತೆಗಿರುತ್ತಿದ್ದನು. ಎರಡು ದಿನ ಹೊಳೆಯಲ್ಲಿ ಸುಖವಾಗಿ ವಿಹರಿಸಿದೆವು. ಮೂರನೆಯ ದಿನ ಕಡಲಿನ ನಡುವೆ ಇರುವ ಬಸವರಾಜದುರ್ಗವನ್ನು ನೋಡತಕ್ಕುದೆಂದು ನಿಶ್ಚಯವಾಯಿತು. “ಹೊತ್ತು ಮೂಡುವಾಗಲೇ ಬನ್ನಿ” ಎಂದು ತಂಡೇಲನು ಹೇಳಿಯೇ ಇದ್ದನು.

ನಾನು ಹೋದುದು ಮಧ್ಯಾಹ್ನದ ಊಟವಾದ ಮೇಲೆ! ತಂಡೇಲನು ಅಳಿವೆಯತ್ತ ಕೈತೋರಿಸಿ, “ಒಡೆಯರೇ, ಇಳಿತ ಹಿಡಿಯಿತು. ಇನ್ನು ಅಳಿವೆ ದಾಟುವಂತಿಲ್ಲ” ಎಂದನು. ಅಂದು ಅಮಾವಾಸ್ಯೆ, ಹೊಳೆಯ ನೀರು ಭರದಿಂದ ಹೊರಕ್ಕೆ ಹರಿಯುತ್ತಿದ್ದಿತು. ಎದುರಿನಿಂದ ಪಡುಗಾಳಿಯು ತೆರೆಗಳನ್ನು ಒಳಕ್ಕೆ ನೂಕುತ್ತಿದ್ದಿತು. ಇವೆರಡೂ ಅಳಿವೆಯ ಬಾಯಿಯ ಮರಳದಿಬ್ಬದ ಮೇಲೆ ಸಂಧಿಸಿದಲ್ಲಿ ನೀರು ಗೋಡೆಯಂತೆ ಎದ್ದು ಒಡೆಯುವುದು. ಬೆಳಿಗ್ಗೆಯಾದರೋ ಉಬ್ಬರವೂ ತೆರೆಯೂ ಒಂದೇ ದಿಕ್ಕಿಗೆ ಸಾಗುವುದರಿಂದ ಅಳಿವೆಯು ಶಾಂತವಾಗಿರುವುದು. ನೆಲಗಾಳಿಯು ಹಾಯಿಯನ್ನು ಹೊರಕ್ಕೊಯ್ಯುವುದು. ಇದಷ್ಟನ್ನು ಅವನು ವಿವರಿಸಿದರೂ ನನಗೆ ಅದು ಸೋಮಾರಿಯ ನೆವವಾಗಿ ತೋರಿತು. ನಾಳೆಯೇ ಊರಿಗೆ ಮರಳಬೇಕಾಗಿದ್ದಿತು. “ಇಮ್ಮಡಿ ಕೂಲಿ ಕೊಡುವೆನು” ಎಂದೆನು.

ಮುದುಕನು ಕ್ಷಣಕಾಲ ನನ್ನ ಮುಖವನ್ನೇ ನೋಡಿದನು. ಮರುಮಾತಿಲ್ಲದೆ ಮೊಮ್ಮಗನನ್ನು ರಟ್ಟೆ ಹಿಡಿದೆತ್ತಿ ದಡದ ಮೇಲೆ ನಿಲ್ಲಿಸಿದನು. ತನ್ನ ಸೊಂಟದ ಚೀಲವನ್ನು ಬಿಚ್ಚಿ ಅವನ ಕೈಗಿತ್ತು, “ಮನೆಗೆ ಹೋಗು” ಎಂದನು. ಬಳಿಕ ನನ್ನ ಕಡೆಗೆ ತಿರುಗಿ, “ಹತ್ತಿ, ಒಡೆಯರೇ” ಎಂದನು.

ಹುಡುಗನು ಹೋಗಲಿಲ್ಲ, ಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದನು. ನನ್ನ ಕಾಲು ದೋಣಿಯ ಅಂಚಿನಲ್ಲಿಯೇ ನಿಂತುಬಿಟ್ಟಿತು. ನಾನು ಇಮ್ಮಡಿ ಬೆಲೆಗೆ ಏನನ್ನು ಕೊಳ್ಳಲು ಹೊರಟಿದ್ದೆನೆಂಬುದು ಆಗ ತಿಳಿಯಿತು. ಆ ಮನೆಗೆ ಹಣದ ಅಗತ್ಯವಿದ್ದಿತು. ಇಲ್ಲವೆನ್ನುವ ಸ್ವಾತಂತ್ರ್ಯವು ಅವನಿಗೆ ನನ್ನಷ್ಟು ಇರಲಿಲ್ಲ. “ಬೇಡ, ತಪ್ಪು ನನ್ನದು” ಎಂದೆನು. ಆ ಮಾತನ್ನಾಡುವುದು ಸುಲಭವಾಗಿರಲಿಲ್ಲ.

ಮುದುಕನು ಹಂಗಿಸಲಿಲ್ಲ. “ಈ ಗಾಳಿ ಹೊಳೆಯ ಮೇಲಕ್ಕೆ ಒಳ್ಳೆಯದು” ಎಂದು ಹುಡುಗನನ್ನು ಮತ್ತೆ ಹತ್ತಿಸಿಕೊಂಡನು. ಹಾಯಿ ಉಬ್ಬಿತು, ಇಳಿತಕ್ಕೆ ಎದುರಾಗಿ ಮೆಲ್ಲಮೆಲ್ಲನೆ ಮಾವಿನಕುರ್ವೆಯ ತೆಂಗುಗಳ ಕಡೆಗೆ ಸಾಗಿದೆವು. ಹಿಂದಿರುಗುವಾಗ ಹಾಯಿಯನ್ನು ಇಳಿಸಿ ಇಳಿತದ ಸೆಳವಿಗೆ ದೋಣಿಯನ್ನು ಬಿಟ್ಟೆವು. ಹುಡುಗನು ಚುಕ್ಕಾಣಿಯನ್ನು ಹಿಡಿದಿದ್ದನು.

ನನ್ನ ಗ್ರಂಥಗಳಲ್ಲಿ ಸುಲ್ತಾನರೂ ಸೇನಾನಿಗಳೂ ಇದ್ದರು. “ಈ ಹೊತ್ತು ಬೇಡ” ಎಂದು ನಾವೆಯನ್ನು ತಡೆದ ತಂಡೇಲರ ಹೆಸರುಗಳಿರಲಿಲ್ಲ. ಆದರೆ ಮೆಣಸು ಕಡಲನ್ನು ದಾಟಿದುದು ಅವರ ವಿವೇಕದಿಂದಲ್ಲವೇ? ಬಸವರಾಜದುರ್ಗವನ್ನು ನಾನು ದಡದಿಂದಲೇ ಕಂಡು ಬಂದೆನು. ಮುಂದಿನ ಸಲ ಹೊತ್ತು ಮೂಡುವಾಗಲೇ ಹೋಗುವೆನು.